ಎಲ್ಲಿ ಮಲಗಿದ್ದಾರೋ ಅಲ್ಲೇ ಕಲ್ಲು

ಬಾಲಿನಾರಾ, ಟಿಪ್ಪೆರರಿ, ಐರ್ಲೆಂಡ್
8 ಏಪ್ರಿಲ್ 2020

ದೊಡ್ಡಪ್ಪನವರಿಗೆ ರತ್ನಾಳ ನಮಸ್ಕಾರಗಳು.

ಫೋನಿನ ಸಹವಾಸ ಸಾಕು ದೊಡ್ಡಪ್ಪ. ಮೊನ್ನೆ ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು, ನಿಮಗೆ ಮಾತ್ರ ಒಂದಕ್ಷರ ಕೇಳಿಸಲಿಲ್ಲ. ಅದಕ್ಕೇ ಈ ಕಾಗದ. ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಕೆಂಪು ಇಂಕಿನಲ್ಲಿ ತಿದ್ದಿ ವಾಪಸ್ ಕಳಿಸಬೇಡಿ. ನರ್ಸಿಂಗ್ ಹೋಮಿನಲ್ಲಿರುವ ಹಿರಿಯರಿಗೆ ಬರೆದರೆ ಈಗ ಸ್ಟಾಂಪೂ ಬೇಡವಂತೆ. ಪೋಸ್ಟ್ ಆಫೀಸಿನಾಕೆ ಗಾಜಿನ ಹಿಂದಿನಿಂದಲೇ ಡಾಕ್ಟರು ಹೇಗಿದ್ದಾರೆ ಎಂದು ವಿಚಾರಿಸಿದಳು. ಸೊಂಟ ಮುರಿದುಕೊಂಡು ಫೆಬ್ರವರಿಯಲ್ಲಿ ಅಲ್ಲಿಗೆ ಹೋದವರು ಏಪ್ರಿಲಿಗೆ ಮನೆಗೆ ಬರುತ್ತೇನೆ ಅಂದಿದ್ದಿರಿ. ನಿಮ್ಮ ಮನೆಯ ಕಿಟಕಿಗಳನ್ನು ದಿನಾ ತೆರೆದು ಮುಚ್ಚುತ್ತಿದ್ದೇನೆ.

ಹೇಳಲು ಕಷ್ಟವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತೈದನೇ ತಾರೀಖು ಸ್ಮಾರಕದ ಕಲ್ಲು ನಿಲ್ಲಿಸುವ ಕಾರ್ಯಕ್ರಮ ಮುಂದೆ ಹೋಯಿತು. ಊರಿನ ಇತಿಹಾಸ ಸಂಘದ ನೋರೀನ್ ಫೋನ್ ಮಾಡಿದ್ದಳು. "ಮುಂದೆ ಹೋಗಿದೆ ಅಷ್ಟೇ, ನಿಂತಿಲ್ಲ, ಡಾಕ್ಟರಿಗೆ ಹಾಗೇ ಹೇಳು," ಎಂದು ನನ್ನಿಂದ ಮಾತು ತೆಗೆದುಕೊಂಡಳು. ಕಲ್ಲು ಕೆತ್ತಿ ಮುಗಿದಿದೆ. ಕೆತ್ತುವವನ ಶೆಡ್ಡಿನಲ್ಲಿ ಕಂಬಳಿ ಹೊದ್ದು ಮಲಗಿದೆಯಂತೆ.

ಲಾಕ್‌ಡೌನಿನಲ್ಲಿ ನಮಗೆ ಮನೆಯಿಂದ ಎರಡು ಕಿಲೋಮೀಟರಿನ ಒಳಗಷ್ಟೇ ಓಡಾಟ. ಪುಣ್ಯಕ್ಕೆ ಆಸ್ಪತ್ರೆಯ ಹಿಂದಿನ ಹೊಲ ಆ ಲೆಕ್ಕದೊಳಗೇ ಬರುತ್ತದೆ. ಸಂಜೆ ನಿಮ್ಮ ಮೊಮ್ಮಗಳು ಮಾನ್ಯಾಳನ್ನು ಕರೆದುಕೊಂಡು ಹೋಗಿದ್ದೆ. ನಿಮ್ಮ ಆ್ಯಶ್ ಮರ ಇನ್ನೂ ಬೋಳು, ಬುಡದಲ್ಲಿ ಹಳದಿ ಹೂ ಎದ್ದಿದೆ. "ಇದು ಪಾರ್ಕಾ ಅಥವಾ ಸತ್ತವರ ಜಾಗವಾ?" ಎಂದು ಅವಳ ಇಂಗ್ಲಿಷಿನಲ್ಲಿ ಕೇಳಿದಳು. ಆರು ವರ್ಷದವಳಿಗೆ ಏನು ಹೇಳಬೇಕೋ ತಿಳಿಯದೆ ಎರಡೂ ಅಂದೆ.

ನಿಮ್ಮ ಅಳಿಯ ಲೋಹಿತ್ ಮನೆಯಿಂದಲೇ ಕೆಲಸ ಮಾಡುತ್ತಿದ್ದಾನೆ. ನಾನೂ ಅಷ್ಟೇ. ದೊಡ್ಡಪ್ಪ, ಚೆನ್ನಾಗಿ ಊಟ ಮಾಡಿ.

ರತ್ನಾ


19 ಏಪ್ರಿಲ್ 2020

ಚಿ. ಸೌ. ರತ್ನಾಳಿಗೆ ಚಾಮರಾಜನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಹಪ್ಪಳ ಒಣಗಿಸಿದಂತೆ ಕೆಲವು ದಿನ ಕಿಟಕಿಯ ಬಿಸಿಲಿಗಿಟ್ಟು ಆಮೇಲೆ ನನ್ನ ಕೈಗೆ ಕೊಟ್ಟರು. ಕಾಗುಣಿತ ಪರವಾಗಿಲ್ಲ. ನನ್ನದೇ ತಪ್ಪುತ್ತದೆ, ನಲವತ್ತಾರು ವರ್ಷದಿಂದ ಬರೆದದ್ದೆಲ್ಲ ಔಷಧದ ಚೀಟಿ.

ಇಲ್ಲಿ ಈಗ ನಾನು ಪೂರ್ತಿ ಕಿವುಡ. ಇಷ್ಟು ವರ್ಷ ಜನರ ತುಟಿ ನೋಡಿಕೊಂಡು ಮಾತು ತಿಳಿಯುತ್ತಿದ್ದೆ. ಈಗ ಎಲ್ಲರೂ ಬಾಯಿ ಮುಚ್ಚಿಕೊಂಡು ಬರುತ್ತಾರೆ, ಬರೀ ಕಣ್ಣು ಬಿಡುತ್ತಾರೆ. ಕೇರಳದ ಸಿಸ್ಟರ್ ಲಿಸ್ಸಿ ಒಬ್ಬಳು ಸ್ಲೇಟಿನ ಮೇಲೆ ಬರೆದು ತೋರಿಸುತ್ತಾಳೆ. ಅನ್ನಕ್ಕೆ ಮೊಸರು ಅವಳೇ ಕದ್ದು ತಂದುಕೊಡುತ್ತಾಳೆ. ಗುಂಡ್ಲುಪೇಟೆಯ ತಂಗಿಗೆ ನರ್ಸಿಂಗ್ ಹೋಮ್ ಸೇರಿದ್ದೇನೆ ಎಂದು ಬರೆದದ್ದಕ್ಕೆ "ಈ ವಯಸ್ಸಲ್ಲಿ ಯಾವ ಹೆರಿಗೆ ಅಣ್ಣ?" ಎಂದು ಮೊಮ್ಮಗನ ಕೈಲಿ ಬರೆಸಿ ಕಳಿಸಿದ್ದಾಳೆ.

ಕಲ್ಲು ಮುಂದೆ ಹೋದದ್ದು ನನಗೆ ಸರಿಕಾಣಲಿಲ್ಲ. ನೋರೀನಳ "ಮುಂದೆ" ನನಗೆ ಗೊತ್ತಿದೆ. ನಿನಗೆ ನೂರು ಸಲ ಹೇಳಿದ್ದನ್ನೇ ಹೇಳುತ್ತೇನೆ, ಮುದುಕರ ಕೆಲಸವೇ ಅದು. ನಾನು ದುಡಿದ ಆಸ್ಪತ್ರೆ ಒಂದು ಕಾಲಕ್ಕೆ ಬಡವರನ್ನು ಕೂಡಿಹಾಕುವ ಮನೆ. ನೂರೆಪ್ಪತ್ತು ವರ್ಷದ ಹಿಂದೆ ಆಲೂಗಡ್ಡೆಗೆ ರೋಗ ಬಿದ್ದ ಬರಗಾಲದಲ್ಲಿ ಹಸಿದವರು ಮುಂಬಾಗಿಲಿಂದ ಒಳಗೆ ಬಂದರು, ಹಿಂಬಾಗಿಲಿಂದ ಗಾಡಿಯಲ್ಲಿ ಹೊರಗೆ ಹೋದರು. ಆ ಹಿಂದಿನ ಹೊಲದಲ್ಲಿ ಹೆಸರೂ ಬರೆದುಕೊಳ್ಳದೆ ಒಬ್ಬರ ಮೇಲೊಬ್ಬರಂತೆ ಹಾಕಿ ಮುಚ್ಚಿದರು. ಎಂಬತ್ತಮೂರರಲ್ಲಿ ಚರಂಡಿ ಅಗೆದಾಗ ಮೂಳೆ ಸಿಕ್ಕವು. ಮನುಷ್ಯರದೋ ದನದ್ದೋ ನೋಡಿ ಹೇಳಿ ಎಂದು ನನ್ನನ್ನು ಕರೆದರು. ಒಂದು ದವಡೆ ಕೈಗೆ ತೆಗೆದುಕೊಂಡೆ. ಅದರಲ್ಲಿ ಹಾಲುಹಲ್ಲುಗಳಿದ್ದವು.

ಈ ಊರಲ್ಲಿ ಕಲ್ಲಿಗೇನು ಬರವಿಲ್ಲ. ಬಿಷಪ್ ಹುಟ್ಟಿದ ಮನೆಗೆ ಕಲ್ಲು, ಸೇತುವೆಯ ಮೇಲೆ ಗುಂಡು ಹಾರಿಸಿದವರಿಗೆ ಕಲ್ಲು, ಯಾರೋ ಹಾಡುಗಾರ ಕುಡಿಯುತ್ತಿದ್ದ ಪಬ್ಬಿಗೂ ಕಲ್ಲು. ಹಸಿದು ಸತ್ತವರಿಗೆ ಗೇಣುದ್ದದ್ದೂ ಇಲ್ಲ. ಅವತ್ತಿನಿಂದ ಅರ್ಜಿ ಹಾಕುತ್ತಿದ್ದೇನೆ. ಕೊನೆಗೆ ಸಂಘದವರು ಒಪ್ಪಿದರೂ ರಸ್ತೆಯ ಗೇಟಿನ ಹತ್ತಿರ ಇಡುತ್ತೇವೆ, ಟೂರಿಸ್ಟರಿಗೆ ಕಾಣುತ್ತದೆ ಅಂದರು. ಎಲ್ಲಿ ಮಲಗಿದ್ದಾರೋ ಅಲ್ಲೇ ಕಲ್ಲು, ಇಲ್ಲದಿದ್ದರೆ ಬೇಡ ಅಂದೆ. ಮರದ ಪಕ್ಕ, ಚರಂಡಿ ತಿರುಗುವ ಜಾಗ. ಹೋದ ಚಳಿಗಾಲದಲ್ಲಿ ಒಪ್ಪಿದರು.

ನಾನು ಕಣ್ಣು ಮುಚ್ಚುವ ಮೊದಲು ಅದು ಅಲ್ಲಿ ನಿಲ್ಲಬೇಕು. ಇನ್ನು ನನಗೆ ಬೇರೆ ಆಸೆ ಇಲ್ಲ. ವಾರಕ್ಕೊಮ್ಮೆ ಹೋಗಿ ನೋಡಿ ಬರೆ. ಹುಲ್ಲು ಎಷ್ಟೆತ್ತರ ಬಂತು, ಅದನ್ನೂ ಬರೆ.

ಚಾಮರಾಜ


20 ಮೇ 2020

ದೊಡ್ಡಪ್ಪನವರಿಗೆ ನಮಸ್ಕಾರ.

ಇದನ್ನು ಹೇಗೆ ಬರೆಯಲಿ? ನೇರವಾಗಿಯೇ ಬರೆಯುತ್ತೇನೆ. ಹೊಲಕ್ಕೆ ಡಾಂಬರು ಹಾಕಿದ್ದಾರೆ.

ಹೋದ ವಾರ ಹೋದಾಗ ಸುತ್ತ ಬೇಲಿ ಕಟ್ಟಿದ್ದರು. ನಿನ್ನೆ ಹೋದರೆ ಹೊಲವೇ ಇಲ್ಲ. ಕೋವಿಡ್ ಟೆಸ್ಟಿಗೆ ಜಾಗ ಬೇಕಂತೆ. ಕಾರುಗಳು ಒಂದು ಕಡೆಯಿಂದ ಬಂದು, ಕಿಟಕಿ ಇಳಿಸಿ, ಮೂಗಿಗೆ ಕಡ್ಡಿ ಹಾಕಿಸಿಕೊಂಡು ಇನ್ನೊಂದು ಕಡೆಯಿಂದ ಹೋಗಬೇಕು. ಎರಡು ಕಂಟೇನರ್ ತಂದಿಟ್ಟಿದ್ದಾರೆ. ಕಾರು ತಿರುಗಲು ಅಡ್ಡವೆಂದು ಮರ ಕಡಿದಿದ್ದಾರೆ. ಬುಡದ ಮೇಲೂ ಡಾಂಬರು ಹೋಗಿದೆ, ಸ್ವಲ್ಪ ಉಬ್ಬು ಕಾಣುತ್ತದೆ.

ನೋರೀನಳ ಬಾಗಿಲಿಗೆ ಹೋಗಿ ದೂರದಲ್ಲಿ ನಿಂತು ಬೈದೆ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತಳು. ಅವಳಿಗೂ ಕೇಳದೆ ಮಾಡಿದ್ದಾರೆ. ಆಸ್ಪತ್ರೆಯ ಆಫೀಸಿಗೆ ಫೋನ್ ಮಾಡಿದೆ. ಪಾಪ, ಮರ್ಯಾದೆಯಿಂದಲೇ ಮಾತಾಡಿದರು. "ನಿಮ್ಮ ಭಾವನೆ ಅರ್ಥ ಆಗುತ್ತೆ, ಆದರೆ ಜನ ಸಾಯ್ತಾ ಇದಾರೆ," ಅಂದರು. ಸತ್ತವರೂ ಇದ್ದಾರಲ್ಲ ಅನ್ನಲೇ? ಎಲ್ಲರೂ ಒಳ್ಳೆಯವರೇ ದೊಡ್ಡಪ್ಪ, ಅದೇ ಕಷ್ಟ. ಜಗಳ ಆಡೋಣವೆಂದರೆ ಎದುರಿಗೆ ಒಬ್ಬ ಕೆಟ್ಟವನಾದರೂ ಬೇಕಲ್ಲ.

ಇಷ್ಟು ಬರೆಯುವಷ್ಟರಲ್ಲಿ ಸಿಸ್ಟರ್ ಲಿಸ್ಸಿಯ ಫೋನ್ ಬಂತು. ನಿಮ್ಮ ಕಾರಿಡಾರಿನಲ್ಲಿ ಎಷ್ಟು ಜನ ಹೋದರು ಎಂದು ಹೇಳಿದಳು. ನೀವು ಒಂದು ವಾರದಿಂದ ಸರಿಯಾಗಿ ಉಣ್ಣುತ್ತಿಲ್ಲ, ನನ್ನ ಕಾಗದ ಬಂತೇ ಎಂದು ಮಾತ್ರ ಕೇಳುತ್ತೀರಂತೆ. "ನೀವು ಏನು ಬೇಕಾದರೂ ಬರೆಯಿರಿ, ಬೇಜಾರಿನ ಸುದ್ದಿ ಒಂದು ಬೇಡ," ಎಂದು ಕೈಮುಗಿಯುವವಳ ಹಾಗೆ ಕೇಳಿಕೊಂಡಳು.

ಇಲ್ಲ. ಇದನ್ನು ಪೋಸ್ಟ್ ಮಾಡಲಾರೆ.


21 ಮೇ 2020

ದೊಡ್ಡಪ್ಪನವರಿಗೆ ರತ್ನಾಳ ನಮಸ್ಕಾರಗಳು.

ತಡವಾಯಿತು, ಬೈಯಬೇಡಿ. ಆಫೀಸಿನ ಕೆಲಸ ಜಾಸ್ತಿ. ಇಲ್ಲಿಯವರು ಹೇಳುವ ಹಾಗೆ ಹೊಲ ಗ್ರ್ಯಾಂಡ್ ಆಗಿದೆ. ಹುಲ್ಲು ಮಾನ್ಯಾಳ ಮೊಣಕಾಲಿನವರೆಗೆ ಬಂದಿದೆ. ಕೊಯ್ಯಿಸಲು ನೋರೀನಳಿಗೆ ಹೇಳಬೇಕೆಂದಿದ್ದೆ, ಆದರೆ ಹೂವಿದೆ, ಇರಲಿ ಬಿಡು ಅನ್ನಿಸಿತು. ಮರ ಚಿಗುರಿದೆ. ಆ್ಯಶ್ ಮರ ಎಲ್ಲಕ್ಕಿಂತ ಕೊನೆಗೆ ಚಿಗುರುತ್ತದೆ ಎಂದು ನೀವೇ ಹೇಳಿದ್ದಿರಲ್ಲ, ಹಾಗೆಯೇ. ಕಲ್ಲು ನಿಲ್ಲಿಸುವುದು ಬೇಸಿಗೆ ಮುಗಿಯುವುದರೊಳಗೆ ಆಗಬಹುದು ಅನ್ನುತ್ತಾರೆ.

ನಿಮ್ಮ ಮನೆಯ ಅಂಗಳದಲ್ಲಿ ಮೆಂತ್ಯ ಹಾಕಿದ್ದೇನೆ. ದಯವಿಟ್ಟು ಊಟ ಮಾಡಿ ದೊಡ್ಡಪ್ಪ. ನೀವು ಗಟ್ಟಿಯಾಗಿದ್ದರೆ ತಾನೇ ಕಲ್ಲಿನ ಮುಂದೆ ನಿಂತು ಭಾಷಣ ಮಾಡುವುದು.

ರತ್ನಾ


14 ಜೂನ್ 2020

ಚಿ. ಸೌ. ರತ್ನಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿದ ದಿನ ಎರಡು ತಟ್ಟೆ ಅನ್ನ ಉಂಡೆ. ಲಿಸ್ಸಿ ಸ್ಲೇಟಿನ ತುಂಬ ಸೊನ್ನೆ ಸುತ್ತಿ ನೂರಕ್ಕೆ ನೂರು ಎಂದು ಬರೆದಳು. ಹುಲ್ಲು ಕೊಯ್ಯಿಸದೆ ಒಳ್ಳೆಯ ಕೆಲಸ ಮಾಡಿದೆ.

ಇಲ್ಲಿ ಎಲ್ಲ ಕ್ಷೇಮ. ಊಟದ ಹಾಲಿನಲ್ಲಿ ಮೊದಲು ಮೊಣಕೈಗೆ ಮೊಣಕೈ ತಾಗುತ್ತಿತ್ತು, ಈಗ ಆರಾಮಾಗಿ ಕೂರಬಹುದು. ನನ್ನ ಎದುರು ಕೂರುತ್ತಿದ್ದ ರೈಲ್ವೆಯ ಮೈಕಲ್ ಬೇರೆ ಕಡೆಗೆ ಹೋದ. ಅವನ ಮಗ ಕಿಟಕಿಯ ಆಚೆ ನಿಂತು ಒಳಗೆ ನೋಡಿ ಹೋದ. ಹೆಣದ ಹಿಂದೆ ಹತ್ತು ಜನಕ್ಕಿಂತ ಹೆಚ್ಚು ಬಿಡುವುದಿಲ್ಲವಂತೆ. ಈ ಊರಲ್ಲಿ ಒಬ್ಬ ಸತ್ತರೆ ಬೀದಿಯೇ ಟೀ ಕುಡಿಯಲು ಬರುತ್ತಿತ್ತು, ನಿನಗೆ ಗೊತ್ತು. ಇರಲಿ, ಅದೆಲ್ಲ ಯಾಕೆ.

ಮರದ ವಿಷಯ ಇನ್ನಷ್ಟು ಬರೆ. ಹಕ್ಕಿಗಳು ಗೂಡು ಕಟ್ಟಿವೆಯೇ?

ಚಾಮರಾಜ


9 ಜುಲೈ 2020

ದೊಡ್ಡಪ್ಪನವರಿಗೆ ನಮಸ್ಕಾರ.

ಗೂಡು ಕಟ್ಟಿವೆ. ಎರಡು. ಕಾಗೆಗಳದೇ ಇರಬೇಕು, ಎತ್ತರದಲ್ಲಿವೆ, ಸರಿಯಾಗಿ ಕಾಣುವುದಿಲ್ಲ. ಮಾನ್ಯಾ ಮೂರು ಅನ್ನುತ್ತಾಳೆ.

ನಿಮ್ಮನ್ನು ಕಿಟಕಿಯಿಂದಾದರೂ ನೋಡಿ ಹೋಗಲು ಬರೋಣವೆಂದು ಲೋಹಿತ್ ಕೇಳಿದ. ಮುಂದಿನ ವಾರ ಅಂದೆ. ಹೋದ ವಾರವೂ ಮುಂದಿನ ವಾರ ಅಂದಿದ್ದೆ. ಆಫೀಸಿನ ಕೆಲಸ ದೊಡ್ಡಪ್ಪ. ಸಿಟ್ಟು ಮಾಡಿಕೊಳ್ಳಬೇಡಿ.

ರತ್ನಾ


30 ಆಗಸ್ಟ್ 2020

ರತ್ನಾಳಿಗೆ ಆಶೀರ್ವಾದಗಳು.

ಕಣ್ಣಿನ ಪೊರೆ ತೆಗೆದರು. ಅದಕ್ಕೆ ಮುಂಚೆ ಒಂದು ಟೆಸ್ಟಿಗೆಂದು ವ್ಯಾನಿನಲ್ಲಿ ಹೊರಗೆ ಕರೆದುಕೊಂಡು ಹೋಗಿದ್ದರು. ಏನೂ ಇಲ್ಲ ಎಂದು ಬಂತು. ಈಗ ದೂರದ್ದು ಚೆನ್ನಾಗಿ ಕಾಣುತ್ತದೆ.

ಒಂದು ಕೆಲಸ ಹೇಳುತ್ತೇನೆ. ಸೆಪ್ಟೆಂಬರ್ ಹದಿನೇಳಕ್ಕೆ ಮಹಾಲಯ ಅಮಾವಾಸ್ಯೆ. ಪಕ್ಷದ ದಿನ ಹಿರಿಯರಿಗೆ ಎಡೆ ಇಡುವುದು ನಿಮ್ಮ ಮನೆಯಲ್ಲೂ ಇದೆ. ಇಲ್ಲಿಗೆ ಬಂದ ಮೊದಲ ವರ್ಷಗಳಲ್ಲಿ ನನಗೆ ಇಡಲು ಇಲ್ಲಿ ಯಾರಿದ್ದರು? ನನ್ನ ಅಪ್ಪ, ತಾತ ಏಳು ಸಮುದ್ರದಾಚೆ. ಆ ಮೂಳೆ ನೋಡಿದ ವರ್ಷದಿಂದ ಹೊಲದವರಿಗೇ ಇಟ್ಟೆ. ಸತ್ತವರಿಗೆ ಏನು ಇಷ್ಟವೋ ಅದನ್ನು ಬಡಿಸಬೇಕಷ್ಟೆ, ಇವರಿಗೆ ಏನು ಇಷ್ಟ ಎಂದು ಕೇಳಬೇಕಾಗಿಯೇ ಇಲ್ಲ. ಆಲೂಗಡ್ಡೆ ಬೇಯಿಸಿ ಬೆಣ್ಣೆ ಹಾಕುತ್ತಿದ್ದೆ. ಜೊತೆಗೆ ಅನ್ನ, ಪಾಯಸ, ವಡೆ. ಡಾಕ್ಟರು ಒಬ್ಬನೇ ಪಿಕ್‌ನಿಕ್ ಮಾಡುತ್ತಾನೆ ಎಂದು ನರ್ಸುಗಳು ನಗುತ್ತಿದ್ದರು. ಒಂದು ವರ್ಷವೂ ತಪ್ಪಿಸಿಲ್ಲ.

ಈ ವರ್ಷ ನೀನು ಇಡು. ಮರದ ಬುಡದಲ್ಲಿ ಇಡು. ಕಾಗೆ ಮುಟ್ಟಿದ ಮೇಲೆ ಬರೆ. ನಿನಗೆ ಏನಾದರೂ ತೊಂದರೆಯಿದ್ದರೆ ಆಗುವುದಿಲ್ಲ ಎಂದು ಬರೆ, ನನಗೆ ಬೇಜಾರಿಲ್ಲ.

ಚಾಮರಾಜ


17 ಸೆಪ್ಟೆಂಬರ್ 2020

ದೊಡ್ಡಪ್ಪ,

ಇದೂ ನಿಮಗೆ ಸೇರುವುದಿಲ್ಲ. ಆದರೂ ಬರೆಯದಿದ್ದರೆ ತಲೆ ಕೆಟ್ಟು ಹೋಗುತ್ತದೆ.

ಲಿಮೆರಿಕ್ಕಿನಿಂದ ಬಾಳೆ ಎಲೆ ತರಿಸಿದ್ದೆ. ಬೆಳಗ್ಗೆ ಸ್ನಾನ ಮಾಡಿ ಎಲ್ಲ ಮಾಡಿದೆ. ಆಲೂಗಡ್ಡೆ, ಬೆಣ್ಣೆ, ಅನ್ನ, ಪಾಯಸ, ವಡೆ. ದೊಡ್ಡ ಸ್ಟೀಲ್ ಡಬ್ಬಿಗಳಲ್ಲಿ ತುಂಬಿಕೊಂಡು ನಡೆದುಕೊಂಡು ಹೋದೆ. ಮರದ ಉಬ್ಬು ಎಲ್ಲಿದೆ ಎಂದು ಗೊತ್ತಿತ್ತು, ಅದರ ಮೇಲೆ ಎಲೆ ಹಾಸಿ, ಎರಡು ನಿಮಿಷ ಕೈಮುಗಿದು ಬರೋಣವೆಂದು. ಗೇಟಿನಲ್ಲಿ ಹಳದಿ ಜಾಕೆಟಿನವನು ತಡೆದ.

"ಅಪಾಯಿಂಟ್‌ಮೆಂಟ್ ಇದೆಯಾಮ್ಮ? ನಡ್ಕೊಂಡು ಬರೋ ಹಾಗಿಲ್ಲ, ಕಾರಲ್ಲೇ ಬರ್ಬೇಕು."

"ಟೆಸ್ಟಿಗಲ್ಲ. ಊಟ ತಂದಿದೀನಿ," ಅಂದೆ.

ಅವನ ಮುಖ ಅರಳಿತು. "ಅಯ್ಯೋ, ಎಂಥಾ ಒಳ್ಳೆಯವಳು!" ಎಂದು ಹಿಂದೆ ತಿರುಗಿ ಕೂಗಿದ. ಕಂಟೇನರಿನಿಂದ ಇಬ್ಬರು ಹುಡುಗಿಯರು, ಆ ಪ್ಲಾಸ್ಟಿಕ್ ನಿಲುವಂಗಿಯವರು, ಹೊರಗೆ ಬಂದರು. ಊರಿನವರು ಅವರಿಗೆ ಕೇಕು, ಸ್ಯಾಂಡ್‌ವಿಚ್ಚು ತಂದುಕೊಡುತ್ತಿರುತ್ತಾರಂತೆ. ನಾನೂ ಹಾಗೇ ತಂದೆ ಅಂದುಕೊಂಡರು. ಇದು ಸತ್ತವರಿಗೆ ಬಡಿಸಿದ್ದು, ನೀವು ಮುಟ್ಟಬಾರದು ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು, ಅದೂ ಎದುರಿಗೆ ಹಸಿದು ನಿಂತವರಿಗೆ? ಬೆಳಗಿನಿಂದ ಏನೂ ತಿಂದಿಲ್ಲ ಅಂದಳು ಒಬ್ಬಳು. ಡಬ್ಬಿಗಳನ್ನು ತೆಗೆದುಕೊಂಡು ಹೋದರು. ಕಾಗೆ ಮುಟ್ಟುವ ಮೊದಲು ಎಡೆಯನ್ನು ಅವರು ಉಂಡರು. ಪಾಯಸ ತುಂಬ ಚೆನ್ನಾಗಿತ್ತು ಎಂದು ಚೀಟಿ ಬರೆದು ಖಾಲಿ ಡಬ್ಬಿಗಳನ್ನು ತೊಳೆದು ಕೊಟ್ಟರು.

ಬರಿಯ ಬಾಳೆ ಎಲೆ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದೆ. ಲೋಹಿತ್ ನಕ್ಕ. ನಾನು ಅತ್ತ ಮೇಲೆ ಎಲೆಯನ್ನು ನನ್ನ ಕೈಯಿಂದ ತೆಗೆದುಕೊಂಡ. ಆ ಹುಡುಗಿಯರಿಗೆ ಏನಾದರೂ ಆದರೆ? ಯಾರ ಪಾಪ ಅದು? ನಿಮ್ಮನ್ನು ಕೇಳಬೇಕು, ಆದರೆ ನಿಮ್ಮನ್ನೊಬ್ಬರನ್ನೇ ಕೇಳುವ ಹಾಗಿಲ್ಲ.


18 ಸೆಪ್ಟೆಂಬರ್ 2020

ದೊಡ್ಡಪ್ಪನವರಿಗೆ ರತ್ನಾಳ ನಮಸ್ಕಾರಗಳು.

ನೀವು ಹೇಳಿದಂತೆ ಎಡೆ ಇಟ್ಟೆ. ಮರದ ಬುಡದಲ್ಲೇ. ಹುಲ್ಲು ಸ್ವಲ್ಪ ಒದ್ದೆಯಿತ್ತು, ಎಲೆ ಜಾರದಂತೆ ನಾಲ್ಕು ಕಲ್ಲು ಇಟ್ಟೆ. ಕಾಗೆಗಳು ಬೇಗ ಬಂದವು. ಮೊದಲು ಆಲೂಗಡ್ಡೆಯನ್ನೇ ಮುಟ್ಟಿದವು. ಏನೂ ಉಳಿಯಲಿಲ್ಲ. ನೀವು ನೆಮ್ಮದಿಯಾಗಿರಿ.

ರತ್ನಾ


11 ಅಕ್ಟೋಬರ್ 2020

ರತ್ನಾಳಿಗೆ ಆಶೀರ್ವಾದಗಳು.

ಕಾಗದ ಬಂತು. ಮೊದಲು ಆಲೂಗಡ್ಡೆ ಮುಟ್ಟಿದವು ಎಂದು ಬರೆದದ್ದು ಚೆನ್ನಾಗಿದೆ. ನೀನು ಕಂಪ್ಯೂಟರ್ ಬಿಟ್ಟು ಕಥೆ ಬರೆಯಬಹುದು.

ಇನ್ನು ಚಳಿಗಾಲ. ಹುಲ್ಲಿನ ವಿಷಯ ಬರೆಯದಿದ್ದರೂ ಪರವಾಗಿಲ್ಲ. ಮಾನ್ಯಾಳ ವಿಷಯ ಬರೆ.

ಚಾಮರಾಜ


13 ಜನವರಿ 2021

ದೊಡ್ಡಪ್ಪ,

ಲಿಸ್ಸಿ ಈಗ ಫೋನ್ ಮಾಡಿದ್ದಳು. ನಿಮಗೆ ಪಾಸಿಟಿವ್ ಬಂದಿದೆ ಎಂದಳು. ಮತ್ತೆ ಲಾಕ್‌ಡೌನ್, ಐದು ಕಿಲೋಮೀಟರ್ ದಾಟಿ ಬರುವ ಹಾಗಿಲ್ಲ. ಬಂದರೂ ಒಳಗೆ ಬಿಡುವುದಿಲ್ಲ. ಕಿಟಕಿಯಿಂದಲಾದರೂ ನೋಡುತ್ತೇನೆ ಅಂದೆ, ನಿಮ್ಮ ಮಂಚ ಕಿಟಕಿಯ ಹತ್ತಿರ ಇಲ್ಲವಂತೆ. ಬೇಸಿಗೆಯಲ್ಲಿ ಬರಬಹುದಿತ್ತು, ಬರಲಿಲ್ಲ. ಕೆಲಸವೆಂದು ಸುಳ್ಳು ಹೇಳಿದೆ. ನಿಮ್ಮ ಮುಖ ನೋಡಿದರೆ ನನ್ನ ಮುಖದಲ್ಲಿ ಎಲ್ಲ ಕಂಡುಬಿಡುತ್ತದೆ ಎಂದು ಹೆದರಿದ್ದೆ.

ಹೊಲ ಇಲ್ಲ ದೊಡ್ಡಪ್ಪ. ಮೇ ತಿಂಗಳಲ್ಲೇ ಡಾಂಬರು ಹಾಕಿದರು, ಕೋವಿಡ್ ಟೆಸ್ಟಿಗೆ. ಮರ ಕಡಿದರು. ಮೊಣಕಾಲಿನವರೆಗಿನ ಹುಲ್ಲು, ಹೂವು, ಗೂಡು ಎಲ್ಲ ನಾನೇ ಕಟ್ಟಿದ್ದು. ಎಡೆಯನ್ನೂ ಇಡಲಿಲ್ಲ. ಅಲ್ಲಿನ ಟೆಸ್ಟ್ ಮಾಡುವ ಹುಡುಗಿಯರು ತಮಗೆ ತಂದದ್ದೆಂದು ತಿಳಿದು ಉಂಡರು, ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಸತ್ತವರ ಎಡೆ ಬದುಕಿದವರ ಹೊಟ್ಟೆಗೆ ಹೋಯಿತು. ನಾಲ್ಕು ತಿಂಗಳಿಂದ ಅದು ನನ್ನನ್ನು ಕೊರೆಯುತ್ತಿದೆ.

ನಿನ್ನೆ ಸಂಘದ ಮೀಟಿಂಗ್ ಆಯಿತು, ಎಲ್ಲರೂ ಕಂಪ್ಯೂಟರಿನ ಪರದೆಯ ಮೇಲೆ. ರೋಗ ಹೋದ ಮೇಲೂ ಆ ಜಾಗ ಆಸ್ಪತ್ರೆಯ ಕಾರ್ ಪಾರ್ಕಾಗಿಯೇ ಇರುತ್ತದಂತೆ. ಡಾಂಬರು ಒಡೆಯಲು ಒಪ್ಪುವುದಿಲ್ಲವಂತೆ. ಹಾಗಾಗಿ ಕಲ್ಲನ್ನು ರಸ್ತೆಯ ಗೇಟಿನ ಹೊರಗೆ, ಬಸ್ ಸ್ಟಾಪಿನ ಪಕ್ಕ ನಿಲ್ಲಿಸುವುದು. ನಾನು ನಿಮ್ಮ ಮಾತನ್ನೇ ಹೇಳಿದೆ, ಎಲ್ಲಿ ಮಲಗಿದ್ದಾರೋ ಅಲ್ಲೇ ಅಂತ. ಎಲ್ಲರೂ ತಲೆಯಾಡಿಸಿದರು. ನೋರೀನ್ ಕಣ್ಣೊರೆಸಿಕೊಂಡಳು. ಆಮೇಲೆ ಎಲ್ಲರೂ ಬಸ್ ಸ್ಟಾಪಿಗೇ ಕೈ ಎತ್ತಿದರು. ನೋರೀನಳೂ ಎತ್ತಿದಳು. ಅವಳನ್ನು ದೂರಲಾರೆ, ಬೇರೆ ಜಾಗ ಎಲ್ಲಿದೆ?

ನಿಮ್ಮ ಒಂದೇ ಒಂದು ಆಸೆಯನ್ನು ಕಾಯಲಾಗಲಿಲ್ಲ. ಕಾಯುತ್ತಿದ್ದೇನೆಂದು ನಂಬಿಸಿದೆ ಬೇರೆ. ಬೈದು ಒಂದು ಸಾಲು ಬರೆಯಿರಿ ದೊಡ್ಡಪ್ಪ. ಒಂದೇ ಸಾಲು ಸಾಕು.

ರತ್ನಾ


18 ಜನವರಿ 2021

ರತ್ನಾ, ಮಗಳೇ,

ಅಕ್ಷರ ಸೊಟ್ಟ. ಲಿಸ್ಸಿ ಪ್ಯಾಡು ಹಿಡಿದುಕೊಂಡಿದ್ದಾಳೆ. ಮೂಗಿಗೆ ಗಾಳಿಯ ನಳಿಗೆ ಹಾಕಿದ್ದಾರೆ. ಉಸಿರು ಹಿಡಿದು ಹಿಡಿದು ಬರೆಯುತ್ತಿದ್ದೇನೆ, ಅದಕ್ಕೆ ಎರಡು ದಿನ ಬೇಕಾಯಿತು.

ನಿನ್ನನ್ನು ಬೈಯುವುದು ಯಾಕೆ? ಡಾಂಬರಿನ ವಿಷಯ ಆಗಸ್ಟಿನಲ್ಲೇ ಗೊತ್ತಿತ್ತು. ಕಣ್ಣಿನ ಆಪರೇಷನ್ನಿಗೆ ಮುಂಚೆ ಟೆಸ್ಟಿಗೆ ಕರೆದುಕೊಂಡು ಹೋದದ್ದು ಎಲ್ಲಿಗೆ ಅಂದುಕೊಂಡೆ? ಅಲ್ಲಿಗೇ. ವ್ಯಾನು ಆಸ್ಪತ್ರೆಯ ಹಿಂದಕ್ಕೆ ತಿರುಗಿದಾಗ ಇದೇನು ಈ ಕಡೆ ಎಂದುಕೊಂಡೆ. ಪೊರೆ ಇದ್ದ ಕಣ್ಣಿಗೂ ಡಾಂಬರು ಕಾಣುತ್ತದೆ. ಮರ ಇಲ್ಲದ್ದೂ ಕಾಣುತ್ತದೆ. ವಾಪಸ್ ಬಂದು ಎರಡು ದಿನ ಗೋಡೆಯ ಕಡೆ ತಿರುಗಿ ಮಲಗಿದ್ದೆ. ನಿನ್ನ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಹೇಳಲಾರೆ. ಆಮೇಲೆ ನಿನ್ನ ಹಳೆಯ ಕಾಗದ ತೆಗೆದು ಓದಿದೆ. ಹುಲ್ಲು, ಹೂವು, ಕಾಗೆಯ ಗೂಡು. ನನಗಾಗಿ ಇಷ್ಟೊಂದು ಸುಳ್ಳು ಯಾರೂ ಹೇಳಿರಲಿಲ್ಲ. ಎಡೆ ಇಡು ಎಂದು ಬರೆದದ್ದು ನಿನಗೆ ನಿಜ ಹೇಳಲು ದಾರಿ ಆಗಲಿ ಎಂದು. ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊಲ ಹೇಗೂ ಹೋಯಿತು, ನಿನ್ನ ಕಾಗದದಲ್ಲಾದರೂ ಇರಲಿ ಎಂದು ಸುಮ್ಮನಾದೆ.

ಎಡೆಯದ್ದು ಮನಸ್ಸಿನಿಂದ ತೆಗೆದುಹಾಕು. ಆ ಹುಡುಗಿಯರಿಗೆ ಏನೂ ಆಗುವುದಿಲ್ಲ. ಅನ್ನವಿಲ್ಲದೆ ಸತ್ತವರ ನೆಲದ ಮೇಲೆ ಯಾರೋ ಹೊಟ್ಟೆ ತುಂಬ ಉಂಡರೆ ಅವರಿಗೆ ಸಿಟ್ಟು ಬರುತ್ತದೆಯೇ? ಇನ್ನಷ್ಟು ಬಡಿಸು ಅನ್ನುತ್ತಾರೆ.

ಕಲ್ಲು ಬಸ್ ಸ್ಟಾಪಿನಲ್ಲಿ ನಿಲ್ಲುತ್ತದೆ ಎಂದು ಓದಿ ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತಿದೆ. ನನ್ನಿಂದ ಏನೂ ಆಗುವುದಿಲ್ಲ, ನಿನ್ನಿಂದಲೂ ಆಗುವುದಿಲ್ಲ. ಬಸ್ಸಿಗೆ ಕಾಯುವವರು ಓದಿಕೊಳ್ಳಲಿ ಎಂದು ಹೇಳಲು ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ.

ಟೆಸ್ಟಿಗೆ ಹೋದ ದಿನ ಅಲ್ಲಿ ನಡೆದದ್ದು ಒಂದನ್ನು ನಿನಗೆ ಹೇಳಬೇಕು, ಲಿಸ್ಸಿಗೂ ಹೇಳಿಲ್ಲ. ನಮ್ಮ ವ್ಯಾನು ನಿಂತದ್ದು ಚರಂಡಿ ತಿರುಗುವ ಜಾಗದಲ್ಲೇ, ನಾನು ಆ ದವಡೆ ಹಿಡಿದುಕೊಂಡು ನಿಂತಿದ್ದ ಜಾಗ. ಮೈತುಂಬ ಪ್ಲಾಸ್ಟಿಕ್ ಹಾಕಿಕೊಂಡ ಒಬ್ಬಳು ಹುಡುಗಿ ಕಿಟಕಿಗೆ ಬಂದು ಏನೋ ಕೇಳಿದಳು. ನಾನು ಕಿವಿ ತೋರಿಸಿ ಕೈ ಆಡಿಸಿದೆ. ಅವಳು ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದು ತೋರಿಸಿದಳು: ನಿಮ್ಮ ಹೆಸರು? ನಾನು ಹೇಳಿದೆ. ಬರೆದು ತೋರಿಸಿದಳು, ತಪ್ಪಾಗಿತ್ತು. ಮತ್ತೆ ಹೇಳಿದೆ. ಮತ್ತೆ ತಪ್ಪು. ಹಿಂದೆ ಕಾರುಗಳು ಸಾಲಾಗಿ ನಿಂತಿದ್ದವು, ಅವಳು ಅವಸರ ಮಾಡಲಿಲ್ಲ. ಒಂದೊಂದೇ ಅಕ್ಷರ ಹೇಳಿಸಿಕೊಂಡು, ಒಂದು ಚೀಟಿಯಲ್ಲಿ ಸರಿಯಾಗಿ ಬರೆದು, ಹುಟ್ಟಿದ ದಿನವನ್ನೂ ಬರೆದು, ಆ ಚೀಟಿಯನ್ನು ಗಾಜಿನ ಕೊಳವೆಗೆ ಅಂಟಿಸಿದಳು. ಆ ನೆಲದಲ್ಲಿ ಒಬ್ಬ ಮನುಷ್ಯನ ಹೆಸರು ಕೇಳಿ ಬರೆದುಕೊಂಡದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಆಮೇಲೆ ಮೂಗಿಗೆ ಕಡ್ಡಿ ಹಾಕಿದಳು. ನನ್ನ ಕಣ್ಣಲ್ಲಿ ಧಾರಾಕಾರ ನೀರು. ತನ್ನಿಂದಲೇ ನೋವಾಯಿತು ಅಂದುಕೊಂಡಳು, ಪಾಪ. ಓಡಿ ಹೋಗಿ ಅದೇ ಹಾಳೆಯ ಹಿಂದೆ "ಸಾರಿ" ಎಂದು ಬರೆದು ತಂದು, ನಮ್ಮ ವ್ಯಾನು ಹೊರಡುವವರೆಗೂ ಕಿಟಕಿಗೆ ಹಿಡಿದುಕೊಂಡು ನಿಂತಿದ್ದಳು.

ಚಾಮರಾಜ